ಮಸ್ಕತ್ತಿನ ತೈಚಿಗೆ ಮೈಸೂರಿನ ಗರಡಿ ಮಾತು



ಹವ್ಯಾಸಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ "ತೈಚಿ ಬಗ್ಗೆ ಬರೆಯಲೇ?" ಅಂದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಅದು ರೂವಿಯಲ್ಲಿ ಯಾವ ಹೋಟೆಲಿನಲ್ಲಿ ಚೆನ್ನಾಗಿ ಸಿಗುತ್ತೆ?" ಎಂದು ಕೇಳಿಯೇಬಿಟ್ಟರು! ಗೋಬಿ ಮಂಚೂರಿಯ ತಮ್ಮನಿರಬೇಕು ಅಂದುಕೊಂಡಿದ್ದರು, ಪಾಪ. ಅವರಿಗೂ, ಕೇಳಲು ಸಂಕೋಚಪಟ್ಟು ಸುಮ್ಮನಿದ್ದ ಉಳಿದವರಿಗೂ ಈ ಲೇಖನ.

ತೈಚಿ ತಿನ್ನುವಂಥದ್ದಲ್ಲ, ಮಾಡುವಂಥದ್ದು. ಅಣ್ಣಾವ್ರ ಸಿನಿಮಾದ ಹೊಡೆದಾಟದ ದೃಶ್ಯವನ್ನು ಹತ್ತು ಪಟ್ಟು ನಿಧಾನ ಮಾಡಿ, ಖಳನಾಯಕನನ್ನು ತೆಗೆದುಹಾಕಿ ತೋರಿಸಿದರೆ ಹೇಗಿರುತ್ತದೋ ನೋಡುವವರಿಗೆ ಅದು ಹಾಗೆ ಕಾಣುತ್ತದೆ. ಪೂರ್ತಿ ಹೆಸರು ತಾಯ್‌ಜಿ ಚ್ವಾನ್. ಇಲ್ಲಿನ ‘ಚಿ’ಗೂ, ಉಸಿರು ಅಥವಾ ಒಳಶಕ್ತಿ ಎಂಬ ಅರ್ಥದಲ್ಲಿ ಎಲ್ಲರೂ ಹೇಳುವ ‘ಚಿ’ಗೂ ಸಂಬಂಧವಿಲ್ಲ, ಚೀನೀ ಬರಹದಲ್ಲಿ ಅವೆರಡೂ ಬೇರೆ ಬೇರೆ ಅಕ್ಷರಗಳು. ತಾಯ್‌ಜಿಯ ‘ಜಿ’ ಅಂದರೆ ತುತ್ತತುದಿ. ಮನೆಯ ಮಾಡಿನ ನೆತ್ತಿಯ ಮೇಲೆ ಉದ್ದಕ್ಕೂ ಹಾಯುವ ತೊಲೆಗೂ ಅದೇ ಪದ. ‘ಚ್ವಾನ್’ ಅಂದರೆ ಮುಷ್ಟಿ. ಅಂದರೆ ಇದು ಮೂಲದಲ್ಲಿ ಕಾಳಗದ ವಿದ್ಯೆ. ಉದ್ಯಾನದಲ್ಲಿ ಅಜ್ಜ ಅಜ್ಜಿಯರು ಮಾಡುವ ವ್ಯಾಯಾಮ ಆಮೇಲೆ ಆದದ್ದು.

ಒಳಮನೆಯ ವಿದ್ಯೆ

ಚೀನಾದ ಕಾಳಗ ಕಲೆಗಳಲ್ಲಿ ಕೆಲವನ್ನು ‘ನೇಯ್‌ಜಿಯಾ’ ಎನ್ನುತ್ತಾರೆ. ಪದಶಃ ಹೇಳಿದರೆ ‘ಒಳಮನೆ’. ಮನೆ, ಮನೆತನ, ಗುರುಪರಂಪರೆ ಎಲ್ಲಕ್ಕೂ ಅವರಲ್ಲಿ ಒಂದೇ ಪದ. ನಮ್ಮಲ್ಲೂ ‘ಗರಡಿ ಮನೆ’ ಅನ್ನುತ್ತೇವಲ್ಲ, ಹಾಗೆ. ತೈಚಿ, ಶಿಂಗ್‌ಯಿ, ಬಾಗ್ವಾ ಈ ಮೂರು ಒಳಮನೆಯ ಮುಖ್ಯ ವಿದ್ಯೆಗಳು. ತೋಳಿನ ಬಲ ನೆಚ್ಚದೆ, ಉಸಿರು, ಗಮನ, ನಿಲುವು ಇವುಗಳಿಂದ ಹುಟ್ಟುವ ಬಲವನ್ನು ಬಳಸುವುದು ಇವುಗಳ ದಾರಿ. ಸುನ್ ಲುತಾಂಗ್ (1860–1933) ಎಂಬ ಮಹಾನುಭಾವರು ಮೂರನ್ನೂ ಕಲಿತು, 1915ರಲ್ಲಿ ಶಿಂಗ್‌ಯಿ, 1916ರಲ್ಲಿ ಬಾಗ್ವಾ, 1921ರಲ್ಲಿ ತೈಚಿ ಕುರಿತು ಒಂದೊಂದು ಪುಸ್ತಕ ಬರೆದರು. ಅಲ್ಲಿಯವರೆಗೆ ಮನೆಯೊಳಗೆ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುತ್ತಿದ್ದ ಮಾತುಗಳು ಹೀಗೆ ಅಚ್ಚಿಗೆ ಬರತೊಡಗಿದವು.

ನನಗೆ ಇದರ ಗಂಟು ಬಿದ್ದದ್ದು 2016ರಲ್ಲಿ. ಅಲ್ ಖುವೈರಿನ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಚೀನಾದ ಸರ್ವೇಯರ್ ಒಬ್ಬರಿದ್ದರು. ರಸ್ತೆ ಕಾಮಗಾರಿಗೆಂದು ಬಂದವರು, ಅರವತ್ತರ ಹತ್ತಿರದ ವಯಸ್ಸು. ಶುಕ್ರವಾರ ಬೆಳಗಿನ ಜಾವ ಕುರುಂ ಉದ್ಯಾನದಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಮೊದಲು ನಾನು ಸೇರಿದೆ, ಆಮೇಲೆ ಒಬ್ಬ ಮಲಯಾಳಿ ನರ್ಸ್, ಒಬ್ಬ ಫಿಲಿಪೀನ್ಸಿನ ಅಕೌಂಟೆಂಟ್. ಅವರಿಗೆ ಬರುತ್ತಿದ್ದ ಇಂಗ್ಲಿಷು ಎಣಿಸಿ ಇಪ್ಪತ್ತು ಪದ. ಅದರಲ್ಲಿ ಹತ್ತು ‘ಬೇಡ’ ಎಂಬ ಅರ್ಥದವು! ಭುಜ ಎತ್ತಬೇಡ, ಬಲ ಹಾಕಬೇಡ, ಬೇಗ ಬೇಡ. ಉಳಿದದ್ದೆಲ್ಲ ಕೈಹಿಡಿದು ತಿದ್ದುವುದು. ಮೂರು ವರ್ಷದಲ್ಲಿ 24 ಪಟ್ಟುಗಳ ಸರಣಿಯನ್ನು ಕಲಿಸಿದರು. 1956ರಲ್ಲಿ ಚೀನಾದ ಕ್ರೀಡಾ ಇಲಾಖೆಯವರು ಜನಸಾಮಾನ್ಯರಿಗೆಂದು ಹಳೆಯ ಉದ್ದನೆಯ ಸರಣಿಯನ್ನು ಚಿಕ್ಕದು ಮಾಡಿ ಸಿದ್ಧಪಡಿಸಿದ್ದು ಅದು. ಮಾಡಿ ಮುಗಿಸಲು ಐದಾರು ನಿಮಿಷ ಸಾಕು. ಸರಿಯಾಗಿ ಮಾಡಲು ಎಷ್ಟು ವರ್ಷ ಬೇಕು ಅಂತ ಮಾತ್ರ ಕೇಳಬೇಡಿ.

2019ರಲ್ಲಿ ಅವರ ಕಂಪನಿಯ ಕೆಲಸ ಮುಗಿಯಿತು. ಗಲ್ಫಿನ ಗೆಳೆತನಗಳಿಗೆ ವೀಸಾದಷ್ಟೇ ಆಯಸ್ಸು ಅನ್ನುವುದು ನಿಮಗೆ ಹೊಸದಲ್ಲ. ಹೋಗುವ ಮುನ್ನ ಒಂದು ತೆಳ್ಳನೆಯ ಚೀನೀ ಪುಸ್ತಕ ಕೈಗಿಟ್ಟು, ಪುಟಗಳನ್ನು ತೋರಿಸಿ, ಆಮೇಲೆ ತಮ್ಮ ಎದೆ ಮುಟ್ಟಿ ತೋರಿಸಿದರು. ಇನ್ನು ಮುಂದೆ ಗುರು ಇದೇ ಅಂತ ಇರಬೇಕು. ಗುರು ಹೋದರು, ಪುಸ್ತಕ ಉಳಿಯಿತು. ಅದೂ ನನಗೆ ಒಂದಕ್ಷರವೂ ಬಾರದ ಭಾಷೆಯದು!

ಉಪ್ಪಿನಂಗಡಿಯಲ್ಲಿ ಸಿಕ್ಕ ಹಸ್ತಪ್ರತಿ

ಹಾಗಾಗಿ ಇಂಗ್ಲಿಷ್ ಅನುವಾದಗಳನ್ನು ಒಂದೊಂದಾಗಿ ತರಿಸಿಕೊಂಡೆ. ತೈಚಿಯ ‘ಶಾಸ್ತ್ರಗ್ರಂಥಗಳು’ ಎಂದಾಗ ದಪ್ಪ ದಪ್ಪ ಸಂಪುಟ ಅಂದುಕೊಳ್ಳಬೇಡಿ. ಮುಖ್ಯವಾದವು ನಾಲ್ಕೈದು ಚಿಕ್ಕ ಬರಹಗಳು. ಎಲ್ಲ ಸೇರಿದರೂ ನಮ್ಮ ಸಂಘದ ದೀಪಾವಳಿ ಸಂಚಿಕೆಯ ಅರ್ಧದಷ್ಟು ಆಗಲಾರದು.

ಅವುಗಳ ಕಥೆ ಸ್ವಾರಸ್ಯವಾಗಿದೆ. ಯಾಂಗ್ ಲುಚಾನ್ (1799–1872) ಎಂಬಾತ ಹೆನಾನ್ ಪ್ರಾಂತದ ಚೆನ್‌ಜಿಯಾಗೋ ಎಂಬ ಹಳ್ಳಿಗೆ ಹೋಗಿ ಚೆನ್ ಚಾಂಗ್‌ಶಿಂಗ್ ಎಂಬ ಗುರುವಿನಲ್ಲಿ ಕಲಿತು, ಮುಂದೆ ಬೀಜಿಂಗಿನಲ್ಲಿ ಹೆಸರು ಮಾಡಿದ. ಅವನ ಊರಿನವನೇ ಆದ ವು ಯುಶಿಯಾಂಗ್ (1812–1880) ಓದುಬರಹ ಬಲ್ಲ ಮನೆತನದವನು. ಇವನ ಅಣ್ಣನೊಬ್ಬ ವುಯಾಂಗ್ ಎಂಬಲ್ಲಿ ಸರಕಾರಿ ಅಧಿಕಾರಿಯಾಗಿದ್ದಾಗ, ಅಲ್ಲಿನ ಒಂದು ಉಪ್ಪಿನಂಗಡಿಯಲ್ಲಿ ವಾಂಗ್ ಝೋಂಗ್‌ಯುಎ ಎಂಬವನು ಬರೆದ ತೈಚಿ ಬರಹ ಸಿಕ್ಕಿತಂತೆ. (ನಮ್ಮ ದಕ್ಷಿಣ ಕನ್ನಡದ ಉಪ್ಪಿನಂಗಡಿ ಅಲ್ಲ ಮತ್ತೆ!) ವು ಮತ್ತು ಅವನ ಸೋದರಳಿಯ ಲಿ ಯಿಯು (1832–1892) ಅದಕ್ಕೆ ತಮ್ಮ ಅನುಭವ ಸೇರಿಸಿ ಇನ್ನಷ್ಟು ಬರೆದರು. ಈ ಬರಹಗಳು ಕೈಬರಹದ ಪ್ರತಿಗಳಾಗಿ ಮನೆಯಿಂದ ಮನೆಗೆ ಹೋಗಿ, 20ನೇ ಶತಮಾನದಲ್ಲಿ ಅಚ್ಚಾದವು. ಪರಂಪರೆಯವರು ಒಂದು ಬರಹವನ್ನು ಝಾಂಗ್ ಸಾನ್‌ಫೆಂಗ್ ಎಂಬ ಪುರಾಣಪುರುಷನ ಹೆಸರಿಗೆ ಬರೆದಿದ್ದಾರೆ. 1930ರ ದಶಕದಲ್ಲಿ ಚೆನ್‌ಜಿಯಾಗೋವಿಗೇ ಹೋಗಿ ಹುಡುಕಿದ ಇತಿಹಾಸಕಾರ ತಾಂಗ್ ಹಾವ್ ಆ ಕಥೆಗೆ ಆಧಾರವಿಲ್ಲ ಎಂದರು.

ಇಂಗ್ಲಿಷಿಗೆ ಬಂದದ್ದು ಇನ್ನೂ ತಡವಾಗಿ. ಜೆಂಗ್ ಮಾನ್‌ಚಿಂಗ್ ಎಂಬ ವೈದ್ಯ, ಕವಿ, ಚಿತ್ರಕಾರ ಮತ್ತು ತೈಚಿ ಗುರು 1960ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಕಲಿಸಿದರು. ಅವರ ಶಿಷ್ಯ ಬೆಂಜಮಿನ್ ಲೋ ಮತ್ತು ಗೆಳೆಯರು 1979ರಲ್ಲಿ ಮೂಲ ಬರಹಗಳ ಅನುವಾದ ತಂದರು. 1983ರಲ್ಲಿ ಡಗ್ಲಸ್ ವೈಲ್ ಎಂಬ ವಿದ್ವಾಂಸರು ಯಾಂಗ್ ಮನೆತನದ ಮಾತುಗಳನ್ನು ಸಂಗ್ರಹಿಸಿ ಕೊಟ್ಟರು, 1996ರಲ್ಲಿ ಅಷ್ಟಾಗಿ ಯಾರೂ ನೋಡದಿದ್ದ ಇನ್ನಷ್ಟು ಹಳೆಯ ಬರಹಗಳನ್ನು. ಯಾಂಗ್ ಲುಚಾನನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಹೇಳಿ ಶಿಷ್ಯ ಚೆನ್ ವೇಮಿಂಗ್ ಬರೆದುಕೊಂಡ ಹತ್ತು ಸೂತ್ರಗಳಂತೂ ಈಗ ಲೋಕದ ತುಂಬ ತೈಚಿ ಕಲಿಯುವವರ ಬಾಯಲ್ಲಿವೆ.

ಸರಿ, ಪುಸ್ತಕ ಬಂತು, ಓದಿದ್ದೂ ಆಯಿತು. ಮೈಗೆ ಬಂತೇ? ಅಲ್ಲೇ ಇರುವುದು ತೊಡಕು. ಈ ಬರಹಗಳು ಹೊಸಬರಿಗೆ ಹೇಳಿಕೊಡಲು ಬರೆದವಲ್ಲ. ಆಗಲೇ ಮಾಡಬಲ್ಲವನಿಗೆ ನೆನಪು ಮಾಡಿಕೊಡುವ ಟಿಪ್ಪಣಿಗಳು. ನಮ್ಮಮ್ಮ ಹುಳಿಪುಡಿಯ ಅಳತೆ ಬರೆದುಕೊಟ್ಟ ಚೀಟಿಯ ಹಾಗೆ: "ಮೆಣಸಿನಕಾಯಿ ಸಾಕಷ್ಟು, ಘಮ್ ಅನ್ನುವ ತನಕ ಹುರಿ". ಎಷ್ಟು ಸಾಕಷ್ಟು? ಯಾವಾಗ ಘಮ್? ಅಡುಗೆಮನೆಯಲ್ಲಿ ಅಮ್ಮನ ಪಕ್ಕ ನಿಂತವರಿಗೆ ಅದು ಪೂರ್ತಿ ಪಾಠ. ಬೇರೆಯವರಿಗೆ ಒಗಟು. ಅದನ್ನೇ ಇನ್ನೊಂದು ಭಾಷೆಗೆ ತಿರುಗಿಸಿದರೆ ಒಗಟಿನ ಮೇಲೊಂದು ಒಗಟು.

ಒಂದೇ ಉದಾಹರಣೆ ಕೊಡುತ್ತೇನೆ. ತೈಚಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ ‘ಸೋಂಗ್’. ಇಂಗ್ಲಿಷಿನಲ್ಲಿ ಎಲ್ಲರೂ ‘ರಿಲ್ಯಾಕ್ಸ್’ ಅನ್ನುತ್ತಾರೆ. ರಿಲ್ಯಾಕ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಸೋಫಾ, ರಿಮೋಟು ಮತ್ತು ಒಂದು ಕಪ್ ಕರಕ್ ಚಹಾ. ಸೋಫಾದ ರಿಲ್ಯಾಕ್ಸಿನಲ್ಲಿ ಯಾರಾದರೂ ಒಂದು ಬೆರಳಿನಿಂದ ನೂಕಿದರೂ ಬಿದ್ದುಹೋಗುತ್ತೇವೆ. ಚೀನೀ ಅಕ್ಷರದ ಮೇಲ್ಭಾಗದಲ್ಲಿ ಉದ್ದ ಕೂದಲಿನ ಗುರುತಿದೆ. ಕಟ್ಟಿದ ಕೂದಲು ಬಿಚ್ಚಿ ಸಡಿಲಾಗುವುದು ಅದರ ಹಳೆಯ ಅರ್ಥ. ಜಡೆ ಬಿಚ್ಚಿದರೆ ಕೂದಲು ಬೇರು ಬಿಟ್ಟು ಬಿದ್ದುಹೋಗುವುದಿಲ್ಲ. ಗಂಟು ಮಾತ್ರ ಹೋಗುತ್ತದೆ, ಕೂದಲು ತನ್ನ ತೂಕಕ್ಕೆ ತಾನು ಇಳಿಯುತ್ತದೆ. ಇದನ್ನು ಓದಿ ತಿಳಿದುಕೊಂಡಿದ್ದೆ. ಆದರೆ ಅದು ಬಾಯಿಗೆ ಬಂದದ್ದು ಅಪ್ಪ ಮಸ್ಕತ್ತಿಗೆ ಬಂದ ಮೇಲೆ.

ಅಪ್ಪ ಬಂದರು

ಅಪ್ಪನಿಗೆ 2022ರಲ್ಲಿ ಎಪ್ಪತ್ತೊಂಬತ್ತು. ಮೈಸೂರಿನ ಮನೆಯಲ್ಲಿ ಆ ವರ್ಷ ಬಚ್ಚಲಿನ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆ ಆರು ವಾರದಲ್ಲಿ ಕೂಡಿತು. ಕೂಡದೇ ಉಳಿದದ್ದು ಧೈರ್ಯ. ದಿನಕ್ಕೆರಡು ಸಲ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದ ಮನುಷ್ಯ, ಹಾಲ್‌ನಿಂದ ಅಡುಗೆಮನೆಗೆ ಗೋಡೆ ಹಿಡಿದು ಹೋಗತೊಡಗಿದರು. ಕಾಲೆತ್ತಿ ಇಡುತ್ತಿರಲಿಲ್ಲ, ಎರಡೂ ಪಾದವನ್ನು ನೆಲಕ್ಕೆ ಒತ್ತಿ ಉಜ್ಜಿಕೊಂಡು ನಡೆಯುತ್ತಿದ್ದರು. ಹೊರಗೆ ಬಿಡುವುದೇ ಬೇಡ ಎಂದು ಅಣ್ಣ, ಒಬ್ಬರೇ ಇರಲಿ ಬಿಡಿ ಎಂದು ಅಪ್ಪ. ಫೋನಿನಲ್ಲಿ ದಿನಾ ಇದೇ ಪಂಚಾಯಿತಿ. ಪರದೇಶದಲ್ಲಿ ಕೂತವರಿಗೆ ರಾತ್ರಿ ಹನ್ನೊಂದರ ಮೇಲೆ ಊರಿನಿಂದ ಫೋನ್ ಬಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಕೊನೆಗೆ ನವೆಂಬರಿನಲ್ಲಿ ವಿಸಿಟ್ ವೀಸಾ ಮಾಡಿಸಿ ಕರೆಸಿಕೊಂಡೆ. ಮಸ್ಕತ್ತಿನ ಚಳಿಗಾಲ ಅಂದರೆ ನಮ್ಮ ಮೈಸೂರಿನ ಹವೆ ಅಲ್ಲವೇ.

ಅಪ್ಪ ಇಂಗ್ಲಿಷ್ ಪುಸ್ತಕ ಓದುವವರಲ್ಲ. ಆದರೆ ಅವರ ಬಳಿ ಇನ್ನೊಂದು ವಿದ್ಯೆ ಇತ್ತು. ಹುಡುಗರಾಗಿದ್ದಾಗ ಏಳೆಂಟು ವರ್ಷ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಗರಡಿಗಳು ಎಷ್ಟಿದ್ದವು ಅನ್ನುವುದು ಅಲ್ಲಿಯವರಿಗೆ ಗೊತ್ತು. ಹನುಮಂತನ ಪಟ, ಕೆಂಪು ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ, ಎದುರಿಗೆ ಉಸ್ತಾದರು. ದಸರೆಗೆ ಕುಸ್ತಿ, ವಿಜಯದಶಮಿಗೆ ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ.

ಒಂದು ಸಂಜೆ ನಾನು ಹಾಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು, "ಏನೋ ಅದು, ನೀರೊಳಗೆ ಕುಸ್ತಿ ಆಡ್ತಿದ್ದೀಯ?" ಅಂದರು. ಪುಸ್ತಕ ತಂದು ವಾಂಗ್ ಝೋಂಗ್‌ಯುಎ ಬರಹದ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳಿದೆ. ಎದುರಾಳಿ ಗಡುಸಾದರೆ ನೀನು ಮೆದುವಾಗು, ಅವನು ಬಂದ ದಾರಿಯಲ್ಲೇ ಅವನನ್ನು ಕಳಿಸು, ಮೈಮೇಲೆ ನೊಣ ಕೂತರೂ ತಿಳಿಯುವಷ್ಟು ಎಚ್ಚರವಿರಲಿ ಎಂಬ ಅರ್ಥದ ಮಾತುಗಳು. ಅಪ್ಪನ ಕಣ್ಣು ಅಗಲವಾಯಿತು. "ಇದು ನಮ್ಮ ಉಸ್ತಾದ್ರು ಹೇಳ್ತಿದ್ದ ಮಾತೇ ಅಲ್ವೇನೋ! ತಳ್ಳಿದ್ರೆ ಎಳಿ, ಎಳೆದ್ರೆ ತಳ್ಳು ಅಂತಿದ್ರು."

"ರಿಲ್ಯಾಕ್ಸ್ ಅಂತಾರಪ್ಪ ಇದರಲ್ಲಿ. ಅದೇ ಬರೋದು ಕಷ್ಟ," ಅಂದೆ.

"ರಿಲ್ಯಾಕ್ಸ್ ಅಲ್ಲ ಕಣೋ, ಸಡಿಲ. ಮೈ ಸಡಿಲ ಬಿಡು ಅಂತಿದ್ರು. ಸಡಿಲ ಅಂದ್ರೆ ಜೋಲು ಅಲ್ಲ. ಪಂಚೆ ಸಡಿಲ ಉಟ್ಟರೆ ಆರಾಮ, ಜೋಲು ಬಿಟ್ಟರೆ ಮಾನ ಹೋಗುತ್ತೆ!"

ನೋಡಿ, ಮೂರು ಅನುವಾದ ಪಕ್ಕಪಕ್ಕದಲ್ಲಿಟ್ಟು ಹುಡುಕಿದ ಪದ ಅಪ್ಪನ ಪಂಚೆಯ ಗಂಟಿನಲ್ಲಿತ್ತು.

ಭಾರದ ಕಾಲು, ಬರಿ ಕಾಲು

ಅಲ್ಲಿಂದ ಪ್ರತಿ ಸಂಜೆ ಇದೇ ಕೆಲಸ. ನಾನು ಇಂಗ್ಲಿಷ್ ಓದಿ ಅರ್ಥ ಹೇಳುವುದು, ಅಪ್ಪ ಅದಕ್ಕೆ ಗರಡಿಯ ಮಾತು ಹುಡುಕುವುದು. ಹತ್ತನೇ ಕ್ಲಾಸಿನ ಮಗಳು ನೋಟ್‌ಬುಕ್ಕಿನಲ್ಲಿ ಮೂರು ಕಂಬ ಎಳೆದು ಚೀನೀ ಪದ, ಇಂಗ್ಲಿಷ್ ಪದ, ತಾತನ ಪದ ಎಂದು ಬರೆದುಕೊಳ್ಳುವುದು. ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎಂದು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳುವುದಕ್ಕೆ ತಾತನ ಪದ ‘ಹದ’. ಭಾರವನ್ನು ಕೆಳಗಿಳಿಸುವುದಕ್ಕೆ ‘ಊರು’. ಎದುರಾಳಿಯ ಬಲವನ್ನು ಮುಟ್ಟಿನಲ್ಲೇ ಅರಿಯುವುದನ್ನು ಚೀನಿಯರು ‘ಕೇಳುವುದು’ ಅನ್ನುತ್ತಾರೆ. ಅದಕ್ಕೆ ಅಪ್ಪ "ಕೈಗೆ ಕಿವಿ ಇರಬೇಕು" ಅಂದರು. ‘ಚಿ’ಯನ್ನು ‘ಪ್ರಾಣ’ ಎನ್ನೋಣವೇ ಅಂತ ನಾನು ಕೇಳಿದ್ದಕ್ಕೆ "ಅಷ್ಟು ದೊಡ್ಡ ಮಾತೆಲ್ಲ ಯಾಕೆ, ಉಸಿರು ಅನ್ನು ಸಾಕು" ಎಂದರು. ವಿದ್ವಾಂಸರೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತಾರೆ: ಪ್ರಾಣ ಬೇರೊಂದು ಶಾಸ್ತ್ರದ ಪದ, ಚಿ ಬೇರೊಂದು ಶಾಸ್ತ್ರದ್ದು, ಅವಸರದಲ್ಲಿ ಮದುವೆ ಮಾಡಿಸಬಾರದು.

ಆದರೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇನ್ನೊಂದು ಮಾತು. ವಾಂಗ್ ಝೋಂಗ್‌ಯುಎ ಬರಹದಲ್ಲಿ ‘ಇಮ್ಮಡಿ ಭಾರ’ ಎಂಬ ದೋಷದ ಬಗ್ಗೆ ಎಚ್ಚರಿಕೆ ಇದೆ. ಬಹುಕಾಲ ಅಭ್ಯಾಸ ಮಾಡಿದವರೂ ಸೋಲುವುದು ಈ ದೋಷ ಅರಿಯದ್ದರಿಂದ ಎಂದು ಅದರ ಅಭಿಪ್ರಾಯ. ವ್ಯಾಖ್ಯಾನಗಳು ಹಲವಾರು, ಬಹಳ ಜನ ಹೇಳುವ ಅರ್ಥ, ಭಾರ ಎರಡೂ ಕಾಲಿಗೆ ಹಂಚಿಹೋಗಿ ಯಾವ ಕಡೆಗೂ ತಿರುಗಲಾರದೆ ಅಂಟಿಕೊಳ್ಳುವುದು. ಒಂದು ಕಾಲು ತುಂಬಿರಬೇಕು, ಇನ್ನೊಂದು ಖಾಲಿಯಾಗಿರಬೇಕು. ಆಗ ಖಾಲಿ ಕಾಲು ಎಲ್ಲಿಗೆ ಬೇಕಾದರೂ ಹೋಗಬಹುದು.

ಇದನ್ನು ವಿವರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಪಾದ ನೋಡಿಕೊಂಡು, "ಅಲ್ಲಪ್ಪಾ, ನಾನೀಗ ನಡೀತಿರೋದು ಅದೇ ತರ ಅಲ್ವಾ? ಎರಡು ಕಾಲಿಗೂ ಭಾರ ಹಾಕ್ಕೊಂಡು" ಅಂದರು. ಹೌದು. ಬೀಳುವ ಭಯದಿಂದ ಎರಡೂ ಪಾದವನ್ನು ನೆಲಕ್ಕಂಟಿಸಿದವರು ಹೆಜ್ಜೆ ಎತ್ತಲಾರರು. ಹೆಜ್ಜೆ ಎತ್ತದವರಿಗೆ ಕಾರ್ಪೆಟ್ಟಿನ ಅಂಚು ಸಾಕು ಎಡವಲು. ಬೀಳಬಾರದೆಂದು ಮಾಡುವ ಉಪಾಯವೇ ಬೀಳಿಸುತ್ತದೆ. ಹತ್ತೊಂಬತ್ತನೇ ಶತಮಾನದ ಚೀನೀ ಕಾಳಗದ ಟಿಪ್ಪಣಿಯೊಂದು ನಮ್ಮ ಹಾಲ್‌ನಲ್ಲಿ ಕೂತಿದ್ದ ಅಪ್ಪನ ಕಾಲಿನ ಬಗ್ಗೆ ಮಾತಾಡುತ್ತಿತ್ತು.

ಮಗಳು ನೋಟ್‌ಬುಕ್ಕಿನಲ್ಲಿ ತಾತನ ಪದ ಬರೆದಳು: ‘ಭಾರದ ಕಾಲು, ಬರಿ ಕಾಲು’. ಅದೇ ನಮ್ಮ ಮಂತ್ರವಾಯಿತು. ಸೋಫಾದ ಬೆನ್ನು ಹಿಡಿದು ನಿಲ್ಲುವುದು. ನಿಧಾನಕ್ಕೆ ಒಂದು ಕಾಲಿಗೆ ಭಾರ ಊರುವುದು. ಇನ್ನೊಂದು ಪೂರ್ತಿ ಬರಿದಾದ ಮೇಲೆ ಮಾತ್ರ ಅದನ್ನೆತ್ತಿ ಮುಂದಿಡುವುದು. ಹಿಮ್ಮಡಿ ಮೊದಲು, ಅಂಗಾಲು ಆಮೇಲೆ. ಭಾರದ ಕಾಲು, ಬರಿ ಕಾಲು. ಮೊದಲ ವಾರ ಹತ್ತು ಹೆಜ್ಜೆ. ಕಾರಿಡಾರಿನಲ್ಲಿ ಹೋಗಿ ಬರುವಷ್ಟು ಆದದ್ದು ಮೂರನೇ ವಾರ. ಡಿಸೆಂಬರಿನಲ್ಲಿ ಕುರುಂ ಉದ್ಯಾನದ ಹುಲ್ಲಿನ ಮೇಲೆ ಬರಿಗಾಲಲ್ಲೇ ಬರಿ ಕಾಲಿನ ಪಾಠ! ಅಲ್ಲಿ ದಿನಾ ವಾಕ್ ಬರುತ್ತಿದ್ದ ಒಮಾನಿ ಹಿರಿಯರೊಬ್ಬರು, ಬಿಳಿ ದಿಶ್ದಾಶ, ಕೈಯಲ್ಲಿ ಸಣ್ಣ ಬೆತ್ತ, ನಿಂತು ನೋಡಿ, ತಮ್ಮ ಬೆತ್ತವನ್ನೇ ಕತ್ತಿಯಂತೆ ಹಿಡಿದು ರಝ್ಹಾ ಕುಣಿತದ ಒಂದು ಹೆಜ್ಜೆ ಹಾಕಿ ತೋರಿಸಿದರು. ಅದರಲ್ಲೂ ಒಂದು ಕಾಲಿಗೆ ಭಾರ, ಇನ್ನೊಂದು ಬರಿದು. ಅಪ್ಪನಿಗೆ ಅರಬ್ಬಿ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ಹತ್ತು ನಿಮಿಷ ಕಾಲಿನಲ್ಲೇ ಮಾತಾಡಿದರು.

ಫೆಬ್ರವರಿಯಲ್ಲಿ ಅಪ್ಪ ಊರಿಗೆ ಹೊರಡುವ ಮುನ್ನಾ ವಾರ ಮತ್ರಾ ಕಾರ್ನಿಶ್‌ನಲ್ಲಿ ಮೀನು ಮಾರುಕಟ್ಟೆಯಿಂದ ಸೂಕ್‌ನ ತನಕ ನನ್ನ ತೋಳು ಹಿಡಿಯದೆ ನಡೆದರು. ಪವಾಡ ಅಂತ ಹೇಳುತ್ತಿಲ್ಲ. ಬೆತ್ತ ಕೈಯಲ್ಲೇ ಇತ್ತು, ಇಂದಿಗೂ ಇದೆ. ಆದರೆ ಗೋಡೆ ಬಿಟ್ಟಿದ್ದಾರೆ. ಅಣ್ಣನ ಜೊತೆಗಿನ ಪಂಚಾಯಿತಿಯೂ ನಿಂತಿದೆ.

ವೈದ್ಯರು ಏನೆನ್ನುತ್ತಾರೆ?

"ಇದೆಲ್ಲ ನಿಮ್ಮ ಮನೆಯ ಕಥೆ, ಎಲ್ಲರಿಗೂ ಆಗುತ್ತದೆಯೇ?" ಎಂದು ನಮ್ಮ ಸಂಘದ ಡಾಕ್ಟರ್ ಸ್ನೇಹಿತರು ಕೇಳುವ ಮೊದಲೇ ಹೇಳಿಬಿಡುತ್ತೇನೆ. 2012ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, 24 ವಾರ ತೈಚಿ ಮಾಡಿದವರ ಸಮತೋಲನ ಉಳಿದ ವ್ಯಾಯಾಮ ಮಾಡಿದವರಿಗಿಂತ ಉತ್ತಮವಾಯಿತು. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು 108 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ವ್ಯಾಯಾಮದಿಂದ ವಯಸ್ಸಾದವರು ಬೀಳುವ ಪ್ರಮಾಣ ಸುಮಾರು ಶೇ. 23ರಷ್ಟು ಇಳಿಯುತ್ತದೆ ಎಂದು ಕಂಡಿತು. ತೈಚಿಯೊಂದನ್ನೇ ತೆಗೆದುಕೊಂಡರೆ ಸುಮಾರು ಶೇ. 19, ಆದರೆ ಈ ಅಂಕಿಗೆ ಇರುವ ಆಧಾರ ಅಷ್ಟು ಗಟ್ಟಿಯಲ್ಲ ಎಂದೂ ಅವರೇ ಹೇಳಿದ್ದಾರೆ. ಸಮತೋಲನದ ಅಭ್ಯಾಸಕ್ಕೆ ಬಲವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದಂತೆ. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ, ತೈಚಿಯ ಜೊತೆ ನಾಲ್ಕು ಬಸ್ಕಿ! ಬಿದ್ದವರು, ಮಂಡಿ ನೋವಿನವರು, ತಲೆಸುತ್ತಿನವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ನಾವೂ ಹಾಗೇ ಮಾಡಿದ್ದು.

ನಮ್ಮ ಪುಸ್ತಕ, ಅವರ ಅನುವಾದ

ಈ ಮೂರು ತಿಂಗಳಲ್ಲಿ ನನ್ನನ್ನು ಬಹಳ ಕಾಡಿದ ವಿಷಯ ಒಂದಿದೆ. ನಾನು ಚೀನೀ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಓದಿ ಒದ್ದಾಡುವ ಹಾಗೆಯೇ, ಲೋಕದ ತುಂಬ ಜನ ನಮ್ಮ ಕನ್ನಡದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದಿ ಒದ್ದಾಡುತ್ತಿದ್ದಾರೆ!

ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. 1941ರ ‘ಯೋಗಾಸನಗಳು’ ಕೂಡ ಕನ್ನಡವೇ. ಅವರ ಶಿಷ್ಯ ಪಟ್ಟಾಭಿ ಜೋಯಿಸರ ‘ಯೋಗ ಮಾಲ’ 1962ರಲ್ಲಿ ಕನ್ನಡದಲ್ಲಿ ಬಂತು, ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಈಗ ಬರ್ಲಿನ್ನಿನಲ್ಲೋ ಟೋಕಿಯೋದಲ್ಲೋ ಯೋಗ ಕಲಿಯುವ ಶ್ರದ್ಧಾವಂತರು ಈ ಪುಸ್ತಕಗಳ ಅನುವಾದ ಹಿಡಿದು, ಮೂಲದಲ್ಲಿ ಯಾವ ಪದವಿತ್ತೋ ಎಂದು ತಲೆ ಕೆರೆದುಕೊಳ್ಳುತ್ತಾರೆ. ನಾವು? ನಮ್ಮ ಮಕ್ಕಳು ಇಲ್ಲಿ ಯೋಗದ ಕ್ಲಾಸಿನಲ್ಲಿ ‘ಡೌನ್‌ವರ್ಡ್ ಡಾಗ್’ ಮಾಡಿ ಬರುತ್ತಾರೆ.

ಮೈಸೂರಿನಿಂದ ಬರುವಾಗ ಅಪ್ಪ ತಮ್ಮ ಹಳೆಯ ಕನ್ನಡ ಯೋಗದ ಪುಸ್ತಕವೊಂದನ್ನು ತಂದಿದ್ದರು. ಸಂಘದ ಕನ್ನಡ ತರಗತಿಯಲ್ಲಿ ಕಲಿತ ಅಕ್ಷರದ ಬಲದಿಂದ ಮಗಳು ಅದನ್ನು ತಾತನಿಗೆ ಓದಿ ಹೇಳಿದಳು. ಒಂದು ಪುಟಕ್ಕೆ ಕಾಲು ಗಂಟೆ. ಒತ್ತಕ್ಷರ ಬಂದಲ್ಲಿ ಗಾಡಿ ನಿಲ್ಲುತ್ತಿತ್ತು. ಆದರೆ ಅವಳು ಓದಿದ್ದು ಮೂಲ, ನಾನು ಓದುತ್ತಿದ್ದದ್ದು ಅನುವಾದ. ನನ್ನ ಮಗಳು ಕೈಯಿಟ್ಟ ಬಾಗಿಲನ್ನು ತೆರೆಯಲು ಬೇರೆಯವರು ವರ್ಷಗಟ್ಟಲೆ ಭಾಷೆ ಕಲಿಯಬೇಕು. ‘ಕನ್ನಡ ಕಲಿತು ಇಲ್ಲಿ ಏನು ಪ್ರಯೋಜನ’ ಎಂದು ಕೇಳುವ ಪೋಷಕರಿಗೆ ಇದಕ್ಕಿಂತ ಚೆನ್ನಾದ ಉತ್ತರ ನನ್ನ ಬಳಿ ಇಲ್ಲ.

ಇನ್ನೊಂದು ಮಾತು. "ಈ ವಿದ್ಯೆಯನ್ನು ಚೀನಿಯರಿಗೆ ಕಲಿಸಿದ್ದೇ ನಮ್ಮ ಬೋಧಿಧರ್ಮ" ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಅದನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಆ ಕಥೆಗೆ ಆಧಾರವೆಂದು ತೋರಿಸುವ ಚೀನೀ ಪುಸ್ತಕ 17ನೇ ಶತಮಾನದ್ದು, ಅದರ ಹಳೆಯ ಮುನ್ನುಡಿಗಳು ಕೃತಕ ಎಂದು ಸಂಶೋಧಕರು ತೋರಿಸಿದ್ದಾರೆ. ಕುಸ್ತಿಯ ಉಸ್ತಾದರೂ ತೈಚಿಯ ಗುರುವೂ ಒಂದೇ ಮಾತು ಹೇಳಿದರೆ, ಒಬ್ಬರಿಂದ ಇನ್ನೊಬ್ಬರು ಕದ್ದಿರಬೇಕೆಂದಿಲ್ಲ. ಮನುಷ್ಯರಿಗೆ ಎಲ್ಲೆಲ್ಲೂ ಎರಡೇ ಕಾಲು, ನೆಲದ ಸೆಳೆತವೂ ಒಂದೇ. ಯೋಗವನ್ನು 2016ರಲ್ಲಿ, ತೈಚಿಯನ್ನು 2020ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡಕ್ಕೂ ಜಾಗವಿದೆ.

ಅಲ್ ಬುಸ್ತಾನ್ ವೃತ್ತದಲ್ಲಿ ‘ಸೊಹಾರ್’ ಎಂಬ ಹಡಗು ನಿಂತಿರುವುದನ್ನು ನೀವು ಕಾರಿನಿಂದ ನೋಡಿಯೇ ಇರುತ್ತೀರಿ. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಡಗು. ಟಿಮ್ ಸೆವೆರಿನ್ ಮತ್ತು ಒಮಾನಿ ನಾವಿಕರು 1980ರ ನವೆಂಬರಿನಲ್ಲಿ ಅದರಲ್ಲಿ ಮಸ್ಕತ್ತಿನಿಂದ ಹೊರಟು, ಮಲಬಾರು ಕರಾವಳಿ ಹಾಯ್ದು, 1981ರ ಜುಲೈಯಲ್ಲಿ ಚೀನಾದ ಗ್ವಾಂಗ್‌ಝೋ ಮುಟ್ಟಿದರು. ಹಳೆಯ ಸಮುದ್ರದಾರಿ ಅದು. ಆ ದಾರಿಯಲ್ಲಿ ಲೋಬಾನ, ಮೆಣಸು, ಪಿಂಗಾಣಿ ಎಲ್ಲ ಹೋದವು, ಬಂದವು. ನಮ್ಮ ಮನೆಗೆ ವಿದ್ಯೆಯೊಂದು ಬಂದು ಸೇರಿದ್ದಕ್ಕೆ ಮಸ್ಕತ್ತಿಗಿಂತ ತಕ್ಕ ಊರು ಯಾವುದಿದ್ದೀತು?

ಕಲಿಯುವ ಆಸೆ ಇರುವವರಿಗೆ ನಾಲ್ಕು ಮಾತು. ಒಂದು, ಮೊದಲು ಮೈ, ಆಮೇಲೆ ಪುಸ್ತಕ. ತಿದ್ದುವ ಕೈ ಒಂದು ವರ್ಷವಾದರೂ ಬೇಕು. ಎರಡು, ಒಂದೇ ಅನುವಾದ ನೆಚ್ಚಬೇಡಿ. ಎರಡನ್ನು ಪಕ್ಕಪಕ್ಕ ಇಟ್ಟು ಓದಿ, ಎಲ್ಲಿ ಅವು ಜಗಳವಾಡುತ್ತವೋ ಅಲ್ಲೇ ಪಾಠವಿದೆ. ಮೂರು, ಓದಿದ್ದನ್ನು ಕನ್ನಡದಲ್ಲಿ ಜೋರಾಗಿ ಹೇಳಿ ನೋಡಿ. ನಡೆಯಲು, ಏಳಲು, ಬೀಳಲು ನಾವು ಕಲಿತದ್ದು ಆ ಭಾಷೆಯಲ್ಲಿ. ನಾಲ್ಕು, ಮನೆಗೆ ಅಪ್ಪ ಅಮ್ಮ ಬಂದಿದ್ದರೆ ಅವರನ್ನು ಟಿವಿಯ ಮುಂದೆ ಕೂರಿಸಿ ಆಫೀಸಿಗೆ ಓಡಬೇಡಿ. ಅವರ ಬಳಿ ಇರುವ ಪದಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಗರಡಿಯವೇ ಆಗಬೇಕಿಲ್ಲ. ಗದ್ದೆಯವಿರಲಿ, ಮಗ್ಗದವಿರಲಿ, ಯಕ್ಷಗಾನದ ಹೆಜ್ಜೆಯವಿರಲಿ.

ನವೆಂಬರಿನಿಂದ ಮಾರ್ಚಿಯವರೆಗೆ ಶುಕ್ರವಾರ ಬೆಳಗ್ಗೆ ಆರಕ್ಕೆ ಕುರುಂ ಉದ್ಯಾನದಲ್ಲಿ ನಾವು ಕೆಲವರು ಸೇರುತ್ತೇವೆ. ಶುಲ್ಕವಿಲ್ಲ, ಗುರುವೂ ಇಲ್ಲ, ಕನ್ನಡ ಉಂಟು. ಮಗಳ ಮೂರು ಕಂಬದ ಪಟ್ಟಿಯ ಪ್ರತಿ ಬೇಕಾದವರು ಅಲ್ಲೇ ಕೇಳಿ ಪಡೆಯಬಹುದು. ನಿಮ್ಮ ಮನೆಯ ಹಿರಿಯರ ಪದವೊಂದನ್ನು ಅದಕ್ಕೆ ಸೇರಿಸಿ ಹೋಗಬೇಕು ಅನ್ನುವುದು ಅವಳ ಷರತ್ತು. ಬಟ್ಟೆ ಸಡಿಲವಿರಲಿ. ಜೋಲು ಬೇಡ!